ವಿಚಾರಣೆ ನಮ್ಮವರಿಗೆ, ವಿಶ್ವಾಸ ಏಂಜೆಲಾಗೆ

ಗಂಗಾವತಿ ಸೀಮೆಯಲ್ಲಿ ಹೆಣ್ಣು ಕೊಡುವ ಮುಂಚೆ ಮಂದಿ ನೋಡುವುದು ಹುಡುಗನ ಮುಖವನ್ನಲ್ಲ, ಅವನ ಹೊಲವನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹತ್ತುತ್ತದೋ, ಇಲ್ಲಾ ಮಳೆಯನ್ನೇ ನೆಚ್ಚಿದ ಎರೆಯೋ. ಪಹಣಿಯಲ್ಲಿ ಯಾರ ಹೆಸರಿದೆ, ಅದರ ಮೇಲೆ ಸೊಸೈಟಿಯ ಬೋಜಾ ಎಷ್ಟು ಕೂತಿದೆ. ಹುಡುಗ ಕುಡಿಯುತ್ತಾನೋ, ಅವನಪ್ಪ ಕುಡಿಯುತ್ತಿದ್ದನೋ. ಇದೆಲ್ಲ ಆ ಊರಿನ ಚಾ ಅಂಗಡಿಯಲ್ಲಿ ಅರ್ಧ ಕಪ್ ಚಾ ಆರುವುದರೊಳಗೆ ಹೊರಬೀಳುತ್ತದೆ. ಸಂತೆಯಲ್ಲಿ ಎತ್ತು ಹಿಡಿದರೆ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿಯೇ ದುಡ್ಡು ಬಿಚ್ಚುವುದು. ಸ್ವಂತ ತಮ್ಮ ಐದು ಸಾವಿರ ಕೈಗಡ ಕೇಳಿದರೆ, ‘ಯಾವಾಗ ಕೊಡ್ತಿ? ಯಾರ ಜಾಮೀನು?’ ಎಂಬ ಎರಡು ಪ್ರಶ್ನೆ ತಪ್ಪಿದ್ದಲ್ಲ.

ಇಷ್ಟು ಹುಷಾರಿನ ಮನುಷ್ಯ ರಾತ್ರಿ ಹತ್ತರ ಮೇಲೆ ಕೌದಿಯೊಳಗೆ ಫೋನ್ ಹಿಡಿದು, ಹಾಂಕಾಂಗಿನವಳು ಎಂದು ತಾನೇ ಹೇಳಿಕೊಂಡ ಏಂಜೆಲಾ ಎಂಬಾಕೆಗೆ ನಾಲ್ಕು ಲಕ್ಷ ರೂಪಾಯಿ ಕಳಿಸುತ್ತಾನೆ. ಜಾಮೀನು? ಒಂದು ಫೋಟೊ. ಪಹಣಿ? ಇನ್ನೊಂದು ಫೋಟೊ.

ಹೇಮಗುಡ್ಡದ ಕಡೆಯ ಒಬ್ಬ ಸಾವ್ಕಾರ್ರು ಇದ್ದಾರೆ ಎಂದಿಟ್ಟುಕೊಳ್ಳೋಣ. ಭತ್ತದ ವ್ಯಾಪಾರ, ಬೆಳೆದು ನಿಂತ ಮಕ್ಕಳು, ಹೇಮಗುಡ್ಡದ ದಸರೆಯ ಜಂಬೂಸವಾರಿಯಲ್ಲಿ ಆನೆಯ ಹಿಂದೆ ಮುಂದಿನ ಸಾಲಿನಲ್ಲೇ ನಡೆಯುವ ದೊಡ್ಡಸ್ತಿಕೆ. ಒಂದು ಬೆಳಿಗ್ಗೆ ಅವರ ವಾಟ್ಸ್‌ಆ್ಯಪಿಗೆ ಸಂದೇಶ ಬರುತ್ತದೆ: ‘ಡಾಕ್ಟರ್ ಲೀ, ನನ್ನ ನಾಯಿ ಆಹಾರ ತೆಗೆದುಕೊಳ್ಳುತ್ತಿಲ್ಲ.’ ಸಾವ್ಕಾರ್ರು ಸಜ್ಜನರು. ‘ರಾಂಗ್ ನಂಬರ್ ರೀ’ ಎನ್ನುತ್ತಾರೆ. ‘ಕ್ಷಮಿಸಿ. ನೀವು ಬಹಳ ದಯೆಯುಳ್ಳ ವ್ಯಕ್ತಿ’ ಎಂದು ಉತ್ತರ. ನಲವತ್ತು ವರ್ಷ ದಲಾಲಿ ಅಂಗಡಿಯ ತಕ್ಕಡಿ ಮುಂದೆ ಕೂತ ಮನುಷ್ಯನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳಿರಲಿಲ್ಲ, ರೈತರಂತೂ ಹೇಳುವ ಪ್ರಶ್ನೆಯೇ ಇಲ್ಲ. ಮರುದಿನ: ‘ಶುಭೋದಯ ಪ್ರಿಯ. ನೀವು ನಿಮ್ಮ ಊಟವನ್ನು ತಿಂದಿದ್ದೀರಾ?’

ಇಂಥ ಕನ್ನಡ ಕೇಳಿದ ಮೇಲೂ ಎಚ್ಚರವಾಗದಿದ್ದರೆ ಮುಂದಿನ ಸೂಚನೆಗಳಿಗೆ ಎಚ್ಚರವಾದೀತೆಂದು ನಂಬುವುದು ಕಷ್ಟ. ಆದರೂ ಹೇಳುವುದು ನಮ್ಮ ಧರ್ಮ. ನಾಯಿಯ ಸುದ್ದಿ ಅಲ್ಲಿಗೇ ಮುಗಿಯುತ್ತದೆ. ಬದುಕಿತೋ ಸತ್ತಿತೋ ಸಾವ್ಕಾರ್ರೂ ಕೇಳುವುದಿಲ್ಲ. ವಾರದೊಳಗೆ ಏಂಜೆಲಾ ಅವರನ್ನು ಪ್ರೀತಿಸತೊಡಗುತ್ತಾಳೆ. ಎರಡನೇ ವಾರಕ್ಕೆ ‘ಇಲ್ಲಿ ಬೇಡ, ಟೆಲಿಗ್ರಾಮಿಗೆ ಬನ್ನಿ’ ಎನ್ನುತ್ತಾಳೆ. ವಿಡಿಯೊ ಕಾಲ್ ಅಂದರೆ ಅವಳ ಕ್ಯಾಮೆರಾ ಕೆಟ್ಟಿರುತ್ತದೆ; ಬಂಗಲೆಯಿದೆ, ಕಾರಿದೆ, ಕ್ಯಾಮೆರಾ ರಿಪೇರಿಗೆ ಮಾತ್ರ ದುಡ್ಡಿಲ್ಲ. ಮೂರನೇ ವಾರಕ್ಕೆ ಅವಳಿಗೊಬ್ಬ ಚಿಕ್ಕಪ್ಪ ಹುಟ್ಟುತ್ತಾನೆ. ಶೇರುಪೇಟೆಯ ಗುಟ್ಟೆಲ್ಲ ಬಲ್ಲವನು. ‘ನಮ್ಮ ಮುಂದಿನ ಜೀವನಕ್ಕಾಗಿ’ ಒಂದು ಆ್ಯಪ್ ಹಾಕಿಕೊಳ್ಳಲು ಲಿಂಕ್ ಬರುತ್ತದೆ. ಪ್ಲೇಸ್ಟೋರಿನಲ್ಲಿ ಸಿಗದ ಆ್ಯಪ್. ಏಕೆಂದರೆ ಅದು ‘ವಿಐಪಿಗಳಿಗೆ ಮಾತ್ರ’.

ಈ ಕಥೆ ಬೇರೆಲ್ಲೋ ನಡೆದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಹೇಮಗುಡ್ಡಕ್ಕೆ ಹತ್ತಿರದಲ್ಲೇ ಕುಮ್ಮಟದುರ್ಗವಿದೆ. ಅಲ್ಲಿಯ ಗಂಡುಗಲಿ ಕುಮಾರರಾಮನಿಗೆ ‘ಪರನಾರೀ ಸಹೋದರ’ ಎಂದು ಬಿರುದು. ಅವನ ಕಥೆಯಲ್ಲಿ ಈ ದಂಧೆಯ ಪಾಠವೆಲ್ಲ ಇದೆ. ಕಿರಿಯ ರಾಣಿ ರತ್ನಾಜಿ ಬಯಸಿದಳು, ಆತ ಒಲ್ಲೆನೆಂದ, ಅವಳು ಆರೋಪ ಹೊರಿಸಿದಳು. ಅಪ್ಪ ಕಂಪಿಲರಾಯ ಒಂದು ಮಾತೂ ವಿಚಾರಿಸದೆ ಮಗನ ತಲೆ ತರಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತಂದು ತೋರಿಸಿದ. ರಾಜ ಅದನ್ನೂ ನಂಬಿದ. ಹೇಳಿದ್ದನ್ನೂ ನಂಬಿದ, ತೋರಿಸಿದ್ದನ್ನೂ ನಂಬಿದ. ಹತ್ತಿರ ಹೋಗಿ ‘ಇದು ಯಾರ ತಲೆ’ ಎಂದು ನೋಡಲಿಲ್ಲ. ಅಂದು ತಲೆಯೇ ಸ್ಕ್ರೀನ್‌ಶಾಟ್. ಬೈಚಪ್ಪನ ನಕಲಿ ತಲೆ ಒಂದು ಜೀವ ಉಳಿಸಿತು. ಏಂಜೆಲಾ ಕಳಿಸುವ ಲಾಭದ ನಕಲಿ ಸ್ಕ್ರೀನ್‌ಶಾಟ್ ಒಂದು ಮನೆ ಮುಳುಗಿಸುತ್ತದೆ. ವರ್ಷಕ್ಕೊಮ್ಮೆ ರಾಮನ ಹೆಸರಲ್ಲಿ ಜೈಕಾರ ಹಾಕುವ ನಾವು ನಡೆಯುವುದು ಮಾತ್ರ ಕಂಪಿಲರಾಯನ ದಾರಿಯಲ್ಲಿ.

ಈಗ ಲೆಕ್ಕಕ್ಕೆ ಬರೋಣ. ಸಾವ್ಕಾರ್ರು ಲೆಕ್ಕದಲ್ಲಿ ಗಟ್ಟಿ; ಮೂಟೆಯಲ್ಲಿ ಅರ್ಧ ಕಿಲೋ ಎಲ್ಲಿ ಸೋರಿತೆಂದು ಕಣ್ಣಳತೆಯಲ್ಲೇ ಹೇಳುವವರು. ಆ್ಯಪ್ ದಿನಕ್ಕೆ ಶೇ 2 ಲಾಭ ಎನ್ನುತ್ತದೆ. ಹತ್ತು ಸಾವಿರ ಹಾಕಿ, ಬಂದ ಲಾಭವನ್ನು ಅಲ್ಲೇ ಬಿಟ್ಟರೆ ಒಂದು ವರ್ಷಕ್ಕೆ ಅದು ಸುಮಾರು 1 ಕೋಟಿ 37 ಲಕ್ಷ. ಎರಡನೇ ವರ್ಷದ ಕೊನೆಗೆ ಸುಮಾರು 1,900 ಕೋಟಿ. ಮೂರನೇ ವರ್ಷಕ್ಕೆ ಸುಮಾರು 26 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2025–26ರ ಬಜೆಟ್ಟೇ 4.09 ಲಕ್ಷ ಕೋಟಿ. ಅಂದರೆ ಹತ್ತು ಸಾವಿರ ಹಾಕಿ ಮೂರು ವರ್ಷ ಸುಮ್ಮನೆ ಕೂತರೆ, ಸಾವ್ಕಾರ್ರು ಇಂಥ ಆರು ಕರ್ನಾಟಕಗಳಿಗೆ ಬಜೆಟ್ ಮಂಡಿಸಬಹುದು. ಗ್ಯಾರಂಟಿ ಯೋಜನೆಗಳಿಗೆ ಅನುದಾನ ಸಾಲದು ಎಂಬ ಕೂಗೂ ನಿಂತೀತು. ಇಂಥ ವಿದ್ಯೆ ಬಲ್ಲ ಚಿಕ್ಕಪ್ಪ ಗಂಗಾವತಿಯ ಭತ್ತದ ವ್ಯಾಪಾರಿಯ ಹತ್ತು ಸಾವಿರಕ್ಕೆ ಯಾಕೆ ಕೈಯೊಡ್ಡುತ್ತಾನೆ ಎಂಬ ಪ್ರಶ್ನೆಗೆ ಕ್ಯಾಲ್ಕುಲೇಟರ್ ಕೂಡ ಬೇಡ.

ಆದರೆ ಮೊದಲ ಸಲ ದುಡ್ಡು ಬರುತ್ತದೆ! ಹತ್ತು ಸಾವಿರ ಹಾಕಿ ನಾಲ್ಕು ದಿನಕ್ಕೆ ಎಂಟುನೂರು ತೆಗೆದರೆ ಖಾತೆಗೆ ಟಣ್ಣನೆ ಬೀಳುತ್ತದೆ. ಇದೇ ಎಲ್ಲಕ್ಕಿಂತ ದೊಡ್ಡ ಅಪಾಯದ ಸೂಚನೆ, ಇದನ್ನೇ ನಾವು ಪ್ರಾಮಾಣಿಕತೆಯ ಸರ್ಟಿಫಿಕೇಟು ಎಂದುಕೊಳ್ಳುತ್ತೇವೆ. 2021ರ ‘ಪವರ್ ಬ್ಯಾಂಕ್’ ಆ್ಯಪ್ ಮಾಡಿದ್ದೂ ಇದನ್ನೇ. ಬೆಂಗಳೂರಿನ ಕಂಪನಿ ಎಂದು ಹೇಳಿಕೊಂಡು, ತಿಂಗಳೊಪ್ಪತ್ತಿನಲ್ಲಿ ದುಡ್ಡು ಇಮ್ಮಡಿ ಎಂದು, ಆರಂಭದಲ್ಲಿ ಚಿಲ್ಲರೆ ವಾಪಸ್ ಕೊಟ್ಟು, ಗಂಟು ದೊಡ್ಡದಾದಾಗ ಬಾಗಿಲು ಹಾಕಿತು.

ಸಾವ್ಕಾರ್ರ ಅಳಿಯ ಸ್ವಲ್ಪ ಓದಿದವನು. ಸಂಶಯ ಬಂದು ಕೇಳುತ್ತಾನೆ: ‘ಮಾವಾರ, ಒಂದ್ಸಲ ಸೆಬಿ ವೆಬ್‌ಸೈಟಿನ್ಯಾಗ ಈ ಕಂಪನಿ ಐತೇನು ನೋಡೂಣ್ರಿ.’

‘ನಿನಗ ಹೊಟ್ಟಿಕಿಚ್ಚು.’

‘ಅಲ್ರೀ, ನೋಂದಣಿ ಇದ್ದ ಬ್ರೋಕರಗ ಇಷ್ಟs ಲಾಭ ಬರ್ತೈತಿ ಅಂತ ಗ್ಯಾರಂಟಿ ಕೊಡಾಕ ಕಾನೂನಿನ್ಯಾಗs ಇಲ್ಲ. ದುಡ್ಡು ಯಾರ ಖಾತೆಗೆ ಹೊಂಟೈತಿ ಅದನ್ನರೆ ನೋಡ್ರಿ.’

‘ಗ್ರೂಪಿನ್ಯಾಗ ನೂರೈವತ್ತು ಮಂದಿ ಅದಾರ. ದಿನಾ ಥ್ಯಾಂಕ್ಯೂ ಸರ್ ಅಂತಾರ. ಅವ್ರೆಲ್ಲಾ ಹುಚ್ಚರೇನು?’

ಹುಚ್ಚರಲ್ಲ, ನೌಕರರು. ನೂರೈವತ್ತು ಮಂದಿಯಲ್ಲಿ ನೂರನಲವತ್ತೊಂಬತ್ತು ಅವರ ಕಡೆಯವರು. ಉಳಿದೊಬ್ಬ ಯಾರೆಂದು ಅಳಿಯನಿಗೆ ಗೊತ್ತಾಯಿತು, ಮಾವನಿಗೆ ಆಗಲಿಲ್ಲ. ಇನ್ನು ಖಾತೆ. ಹಾಂಕಾಂಗಿಗೆಂದು ಕಳಿಸಿದ ದುಡ್ಡು ಸೋಮವಾರ ಯಾವುದೋ ಊರಿನ ಕಿರಾಣಿ ಅಂಗಡಿಯ ಚಾಲ್ತಿ ಖಾತೆಗೆ, ಗುರುವಾರ ಇನ್ನೊಂದು ರಾಜ್ಯದ ಕಾಲೇಜು ಹುಡುಗನ ಖಾತೆಗೆ ಹೋಗಿತ್ತು. ಕಮಿಷನ್ನಿನಾಸೆಗೆ ಪಾಸ್‌ಬುಕ್ಕು, ಎಟಿಎಂ, ಸಿಮ್ಮು ಬಾಡಿಗೆ ಕೊಡುವ ಹುಡುಗರು ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ಪೊಲೀಸರು ಮೊದಲು ಬಾಗಿಲು ಬಡಿಯುವುದೂ ಅವರದನ್ನೇ. ಶೇರು ವ್ಯವಹಾರದ ದುಡ್ಡು ಸರಿಯಾದ ಕಡೆಗೆ ಹೋಗುತ್ತಿದೆಯೇ ಎಂದು ತಿಳಿಯಲು ಶೇರುಪೇಟೆಯ ನಿಯಂತ್ರಕ ಸೆಬಿ 2025ರ ಅಕ್ಟೋಬರಿನಿಂದ ನೋಂದಾಯಿತ ಸಂಸ್ಥೆಗಳ ಯುಪಿಐ ವಿಳಾಸಕ್ಕೇ ‘ವ್ಯಾಲಿಡ್’ ಎಂಬ ಗುರುತು ಅಂಟಿಸಿದೆ. ಬದನೆಕಾಯಿ ಹಿಚುಕಿ ನೋಡುವವರಿಗೆ ಇದನ್ನು ನೋಡಲು ಪುರುಸೊತ್ತಿಲ್ಲ. ಬ್ಯಾಂಕಿನ ಕ್ಯಾಷಿಯರ್ ತಾನಾಗಿ ‘ಇಷ್ಟು ದೊಡ್ಡ ಮೊತ್ತ ಯಾಕ್ರೀ?’ ಎಂದರೂ ಉತ್ತರ ತಯಾರಿದೆ: ‘ಮಗಳ ಲಗ್ನ.’ ಹಾಗೆ ಹೇಳಿ ಎಂದು ಏಂಜೆಲಾ ಮೊದಲೇ ಹೇಳಿಕೊಟ್ಟಿದ್ದಳು. ಮನೆಯವರಿಗೆ ಹೇಳಬೇಡಿ, ಬ್ಯಾಂಕಿಗೆ ಸುಳ್ಳು ಹೇಳಿ ಎನ್ನುವವರು ನಿಮ್ಮ ಒಳಿತು ಬಯಸುತ್ತಾರೆಂದು ನಂಬಲು ದೊಡ್ಡ ಎದೆಯೇ ಬೇಕು.

ಇದು ಹಳ್ಳಿಯ ಮುಗ್ಧತೆ ಎಂದು ಬೆಂಗಳೂರಿನವರು ಮೂಗು ಮುರಿಯಬೇಕಾಗಿಲ್ಲ. ಎನ್.ಆರ್. ನಾರಾಯಣಮೂರ್ತಿಯವರ ಮುಖ, ದನಿ ನಕಲಿಸಿ ಟ್ರೇಡಿಂಗ್ ಆ್ಯಪ್ ಮಾರಿದ ವಿಡಿಯೊಗಳ ವಿರುದ್ಧ ಅವರೇ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದ್ದರು. ಮರುವರ್ಷ ಅಂಥದೇ ವಿಡಿಯೊ ನಂಬಿ ಐಟಿ ರಾಜಧಾನಿಯ ಜನರೇ ಲಕ್ಷಾಂತರ ಕಳೆದುಕೊಂಡರು. ವಾರಕ್ಕೆ 70 ಗಂಟೆ ದುಡಿಯಿರಿ ಎಂದ ಮನುಷ್ಯ, ದುಡಿಯದೆ ದುಡ್ಡು ಬರುತ್ತದೆ ಎಂದು ಯಾಕೆ ಹೇಳುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹಾಗಾದರೆ ಏಂಜೆಲಾ ಯಾರು? ಬಹುಶಃ ಮೀಸೆ ಚಿಗುರಿದ ಹುಡುಗ. ಥಾಯ್ಲೆಂಡ್ ಗಡಿಗೆ ಹತ್ತಿದ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ, ಕಾಂಬೋಡಿಯಾದಲ್ಲಿ, ಲಾವೋಸಿನಲ್ಲಿ ಮುಳ್ಳುತಂತಿ ಬೇಲಿಯ ಕಟ್ಟಡಗಳಿವೆ. ಡೇಟಾ ಎಂಟ್ರಿ ನೌಕರಿ ಎಂದು ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು, ‘ಇಂದು ಇಷ್ಟು ಮಂದಿಯನ್ನು ಪ್ರೀತಿಸು’ ಎಂದು ಗುರಿ ಕೊಡುತ್ತಾರೆ. ಗುರಿ ತಪ್ಪಿದರೆ ಹೊಡೆತ. 2025ರ ಮಾರ್ಚಿನಲ್ಲಿ ಎರಡೇ ದಿನದಲ್ಲಿ ಇಂಥ ಕಡೆಗಳಿಂದ 549 ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತರಲಾಯಿತು. ಲಾಭ ಮಾತ್ರ ಆ ಹುಡುಗರಿಗಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕ ಕಾಂಬೋಡಿಯಾದ ಒಬ್ಬ ಉದ್ಯಮಿಯ ಮೇಲೆ ಮೊಕದ್ದಮೆ ಹೂಡಿ 1,27,271 ಬಿಟ್‌ಕಾಯಿನ್ ವಶಕ್ಕೆ ತೆಗೆದುಕೊಂಡಿತು. ಆಗಿನ ಬೆಲೆ ಸುಮಾರು 1,500 ಕೋಟಿ ಡಾಲರ್. ಸಾವ್ಕಾರ್ರ ಪ್ರೀತಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಕಡೆಯ ಅಂಕ ಎಲ್ಲ ಕಡೆ ಒಂದೇ. ಪರದೆಯ ಮೇಲೆ ನಲವತ್ತು ಲಕ್ಷ ತೋರಿಸುತ್ತದೆ, ಕೈಗೆ ಬರುವುದಿಲ್ಲ. ‘ಮೊದಲು ಶೇ 30 ತೆರಿಗೆ ಕಟ್ಟಿ’ ಎನ್ನುತ್ತಾರೆ. ನಿಮ್ಮದೇ ದುಡ್ಡಿನಿಂದ ತೆರಿಗೆ ಮುರಿದುಕೊಂಡು ಉಳಿದದ್ದು ಕೊಡಲು ಅವರ ಆ್ಯಪಿಗೆ ಬಾರದು. ದಿನಕ್ಕೆ ಶೇ 2 ಬೆಳೆಸುವುದು ಮಾತ್ರ ಬರುತ್ತದೆ. ಅದನ್ನೂ ಕಟ್ಟಿದ ಮೇಲೆ ಏಂಜೆಲಾ ಮಾಯ. ತಿಂಗಳ ನಂತರ ಒಬ್ಬ ‘ಸೈಬರ್ ವಕೀಲ’ ಫೋನ್ ಮಾಡಿ, ಕಳೆದ ದುಡ್ಡು ವಾಪಸ್ ಕೊಡಿಸುತ್ತೇನೆ, ಫೀಸು ಐವತ್ತು ಸಾವಿರ ಎನ್ನುತ್ತಾನೆ. ಅದೇ ಅಂಗಡಿಯ ಇನ್ನೊಂದು ಕೌಂಟರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಸೀಮೆಯಲ್ಲಿ ಯಾರೂ ಮಲಗಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ವಾರದಲ್ಲಿ ನೀರು ಉಳಿಸಿಕೊಂಡೆವು. ದುಡ್ಡು ಸೋರುವಾಗಲೂ ಹಾಗೇ: ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ, ಖಾತೆಯಿಂದ ಖಾತೆಗೆ ದಾಟುವ ಮೊದಲೇ ಒಂದಿಷ್ಟಾದರೂ ತಡೆಹಿಡಿಯಬಹುದು. ಸಾವ್ಕಾರ್ರು ಮಾಡಿದ್ದೇನು? ಮೂರು ತಿಂಗಳು ಯಾರಿಗೂ ಹೇಳದೆ ಕೂತರು.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಸೈಬರ್ ವಂಚನೆಯಲ್ಲಿ ಭಾರತೀಯರು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ ಕಳೆದುಕೊಂಡರು. 2024ರ ಮೊದಲ ನಾಲ್ಕು ತಿಂಗಳಲ್ಲಿ ಟ್ರೇಡಿಂಗ್ ವಂಚನೆಯ ದೂರು 20,043. ಪ್ರೇಮದ ಹೆಸರಿನ ವಂಚನೆಯ ದೂರು ಬರೀ 1,725. ನೂರನಲವತ್ತು ಕೋಟಿ ಜನರ ದೇಶದಲ್ಲಿ ಪ್ರೀತಿಯಲ್ಲಿ ಮೋಸಹೋದವರು ಇಷ್ಟೇ ಎಂದು ನಂಬುವವರು ಏಂಜೆಲಾಳನ್ನೂ ನಂಬಬಲ್ಲರು. ಉಳಿದವರು ಪ್ರೀತಿಯನ್ನು ಬಚ್ಚಿಟ್ಟು ಶೇರಿನ ಹೆಸರು ಹೇಳಿದರು, ಇಲ್ಲವೇ ಬಾಯಿಯನ್ನೇ ಬಿಡಲಿಲ್ಲ.

ಬಾಯಿ ಬಿಟ್ಟಿದ್ದರೆ? 1930ರವರು ಕೇಳುವುದು ಖಾತೆ ನಂಬರು, ಮೊತ್ತ, ಕಳಿಸಿದ ಹೊತ್ತು. ‘ಅಕಿ ನೋಡಾಕ ಹ್ಯಾಂಗಿದ್ಲು? ಏನೇನ್ ಮಾತಾಡ್ತಿದ್ರಿ? ಈ ವಯಸ್ಸಿನ್ಯಾಗ ಬೇಕಿತ್ತಾ?’ ಎಂದು ಕೇಳುವವರು ನಾವು. ಏಂಜೆಲಾಳನ್ನು ಒಂದು ಪ್ರಶ್ನೆಯನ್ನೂ ಕೇಳದ ಊರು, ಮೋಸಹೋದವನನ್ನು ಚಾ ಅಂಗಡಿಯಲ್ಲಿ ಕೂರಿಸಿಕೊಂಡು ಮೂರು ತಲೆಮಾರಿನ ವಿಚಾರಣೆ ನಡೆಸುತ್ತದೆ. ಆ ವಿಚಾರಣೆಗೆ ಅಂಜಿಯೇ ಮುಂದಿನವನೂ ಮೂರು ತಿಂಗಳು ಸುಮ್ಮನಿರುತ್ತಾನೆ; ಅಷ್ಟರಲ್ಲಿ ದುಡ್ಡು ನಾಲ್ಕು ದೇಶ ದಾಟಿರುತ್ತದೆ. ಮ್ಯಾವಡ್ಡಿಯಲ್ಲಿ ಕೂತವರು ಗೋಡೆ ಕಟ್ಟಿಸುತ್ತಾರೆ, ಸರ್ವರ್ ಕೊಳ್ಳುತ್ತಾರೆ, ಸಿಮ್ಮಿಗೂ ಸಿನಿಮಾ ಫೋಟೊಗೂ ದುಡ್ಡು ಸುರಿಯುತ್ತಾರೆ. ಅವರಿಗೆ ಪುಕ್ಕಟೆ ಸಿಗುತ್ತಿರುವ ನೌಕರರೆಂದರೆ ನಗುತ್ತ ಕೂತ ನಾವು ಮಾತ್ರ.