ದಗ್ಧಬಂಧು

ಪರರ ದುಃಖವನ್ನು ಕಂಡು ಕರಗುವವರು ಲೋಕದಲ್ಲಿ ಅನೇಕರುಂಟು. ಆದರೆ ಪರರ ಬೆರಳಿಗೆ ಬಿಸಿ ತಾಗಿದ ವಾರ್ತೆ ಕಿವಿಗೆ ಬಿದ್ದೊಡನೆ, ಉಡುತ್ತಿದ್ದ ಪಂಚೆಯನ್ನು ಅರ್ಧಕ್ಕೇ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಶಾಯಿಯ ಸೀಸೆಯನ್ನೂ ಮತ್ತೊಂದರಲ್ಲಿ ಬೆಣ್ಣೆಯ ಬಟ್ಟಲನ್ನೂ ಹಿಡಿದು ಧಾವಿಸಿ ಬರುವ ಮಹಾನುಭಾವರು ಬೀದಿಗೊಬ್ಬರೇ. ನಮ್ಮ ಬೀದಿಗೆ ಆ ಒಬ್ಬರು ರಾಯರು. ವೃತ್ತಿಯಿಂದ ಅವರು ನಿವೃತ್ತ ಗುಮಾಸ್ತರು, ಪ್ರವೃತ್ತಿಯಿಂದ ದಗ್ಧಬಂಧುಗಳು. ಜ್ವರ, ಕೆಮ್ಮು, ಅಜೀರ್ಣಗಳನ್ನು ಅವರು ಉದಾರಬುದ್ಧಿಯಿಂದ ಡಾಕ್ಟರುಗಳಿಗೆ ಬಿಟ್ಟುಕೊಟ್ಟಿದ್ದಾರೆ; ಸುಟ್ಟಗಾಯದ ಮೇಲಿನ ಸ್ವಾಮ್ಯವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮನೆಯಲ್ಲಿ ಶಾಯಿ ಕುಡಿಯುವ ಲೇಖನಿ ಒಂದೂ ಉಳಿದಿಲ್ಲವಾದರೂ ನೀಲಿ ಶಾಯಿಯ ಸೀಸೆಯೊಂದು ದೇವರ ಗೂಡಿನ ಪಕ್ಕದಲ್ಲಿ ಸದಾ ಸನ್ನದ್ಧವಾಗಿರುವುದು ಈ ಕಾರಣದಿಂದಲೇ.

ಗೋಕುಲಾಷ್ಟಮಿಯ ಮುನ್ನಾದಿನ ಎದುರುಮನೆಯ ಸೊಸೆ ಚಕ್ಕುಲಿ ಕರಿಯುತ್ತಿದ್ದಾಗ ಬಾಣಲೆಯ ಎಣ್ಣೆ ಸಿಡಿದು ಆಕೆಯ ಮುಂಗೈ ಮೇಲೆ ಬಿತ್ತು. ಹುಡುಗಿ ವಿವೇಕವತಿ. ಒಲೆಯನ್ನಾರಿಸಿ, ಕೈ ಊದಿಕೊಂಡರೆ ಮತ್ತೆ ಬಿಚ್ಚಲಾಗದೆಂದು ಬಳೆಗಳನ್ನು ಮೊದಲೇ ಕಳಚಿಟ್ಟು, ಬಚ್ಚಲಿನ ನಲ್ಲಿಯನ್ನು ತಿರುಗಿಸಿ ಅದರಡಿಯಲ್ಲಿ ಕೈಯೊಡ್ಡಿ ನಿಂತಳು. ನಿಜವಾಗಿ ನೋಡಿದರೆ ಮುಖ್ಯವಾದ ಚಿಕಿತ್ಸೆ ಅಲ್ಲಿಗೆ ಆರಂಭವಾಗಿತ್ತು. ಎಣ್ಣೆಯನ್ನು ಒರೆಸಿದ ಮೇಲೂ ಚರ್ಮದೊಳಗೆ ಸೇರಿಕೊಂಡ ಶಾಖವು ತನ್ನ ದಹನಕಾರ್ಯವನ್ನು ಮುಂದುವರಿಸುತ್ತಲೇ ಇರುವುದರಿಂದ, 20 ನಿಮಿಷಗಳ ಕಾಲ ಹರಿಯುವ ತಣ್ಣೀರು ಅದನ್ನು ಹೊತ್ತುಕೊಂಡು ಹೋಗಬೇಕು. ಮಂಜುಗಡ್ಡೆ ಕೂಡದು, ಅದು ನೊಂದ ಚರ್ಮವನ್ನು ಇನ್ನೊಂದು ಬಗೆಯಲ್ಲಿ ನೋಯಿಸುತ್ತದೆ. ಆಮೇಲೆ ಅಂಟಿಕೊಳ್ಳದಂಥ ಶುಭ್ರವಾದ ಬಟ್ಟೆಯ ಹೊದಿಕೆ. ಆದರೆ 20 ನಿಮಿಷ ಸುಮ್ಮನೆ ನಿಲ್ಲುವುದೆಂದರೇನು! ಆ ಅವಧಿಯಲ್ಲಿ ಸುತ್ತಲಿನವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ಅರೆಯುವಂತಿಲ್ಲ, ಹಚ್ಚುವಂತಿಲ್ಲ, ಊದುವಂತಿಲ್ಲ. ಇಂಥ ನಿಷ್ಕ್ರಿಯವಾದ ಔಷಧವನ್ನು ರಾಯರಂಥ ಕರ್ಮಯೋಗಿಗಳು ಸಹಿಸುವುದೆಂತು?

ಅತ್ತೆಯ ಕೂಗನ್ನು ಕೇಳಿ ಬಂದ ರಾಯರು ಬಚ್ಚಲ ಬಾಗಿಲಿನಿಂದಲೇ ಆರ್ಭಟಿಸಿದರು: “ಅಯ್ಯಯ್ಯೋ, ನೀರಿಗೆ ಹಿಡೀಬೇಡಮ್ಮಾ! ಬೊಬ್ಬೆ ಏಳುತ್ತೆ!”

“ಉರಿ ಕಮ್ಮಿ ಆಗ್ತಾ ಇದೆ ಮಾವಾ,” ಎಂದಳು ಆಕೆ.

“ಉರಿ ಕಮ್ಮಿಯಾಗೋದೇ ಮೋಸ ಕಣಮ್ಮಾ,” ಎಂದು ರಾಯರು ನಲ್ಲಿಯನ್ನು ನಿಲ್ಲಿಸಿಬಿಟ್ಟರು.

ಬೊಬ್ಬೆಯ ವಿಷಯದಲ್ಲಿ ನೀರಿಗೆ ಬಂದಿರುವ ಈ ಅಪವಾದಕ್ಕೆ ಕಾರಣ ಸುಲಭವಾಗಿ ಊಹ್ಯ. ಬೊಬ್ಬೆಯನ್ನು ಎಬ್ಬಿಸುವುದು ಬೆಂಕಿ. ಆದರೆ ಬೊಬ್ಬೆ ನಿಧಾನಸ್ಥ, ಕೂಡಲೇ ಏಳುವುದಿಲ್ಲ. ಅಷ್ಟರಲ್ಲಿ ಯಾರೋ ನೀರು ಹಾಕಿರುತ್ತಾರೆ, ಹಾಕಿದ್ದನ್ನು ಎಲ್ಲರೂ ನೋಡಿರುತ್ತಾರೆ. ಬೆಂಕಿಯ ಅಪರಾಧಕ್ಕೆ ನೀರು ಸಿಕ್ಕಿಬೀಳುತ್ತದೆ.

ಅಷ್ಟು ಹೊತ್ತಿಗೆ ಸಭೆ ನೆರೆದಿತ್ತು. ಪಕ್ಕದ ಮನೆಯ ಅಜ್ಜಿ ದೋಸೆಹಿಟ್ಟಿನ ಪಕ್ಷ. ಮಹಡಿಯ ಮನೆಯ ಕಾಲೇಜು ಹುಡುಗ ಟೂತ್‌ಪೇಸ್ಟಿನ ಪಕ್ಷ. ಅವನ ತಾಯಿ ಹಳದಿಯ ಬರ್ನಾಲಿನ ಏಕಾಂತಭಕ್ತೆ. ರಾಯರು ಸಮನ್ವಯವಾದಿಗಳಾದುದರಿಂದ ಯಾವುದನ್ನೂ ತಿರಸ್ಕರಿಸಲಿಲ್ಲ. ತಳದಲ್ಲಿ ಬೆಣ್ಣೆ, ಅದರ ಮೇಲೆ ಶಾಯಿ, ಅಂಚಿಗೆ ಟೂತ್‌ಪೇಸ್ಟು ಎಂಬ ಕ್ರಮದಲ್ಲಿ ಆ ಬಡಪಾಯಿ ಮುಂಗೈಯನ್ನು ಅಲಂಕರಿಸಿದರು. ಬೆಣ್ಣೆಯು ಶಾಖವನ್ನು ಒಳಗೇ ಕೂಡಿಹಾಕುತ್ತದೆಂಬುದಾಗಲಿ, ಶಾಯಿ ಬಳಿದ ಗಾಯದ ಬಣ್ಣವನ್ನೂ ಆಳವನ್ನೂ ಡಾಕ್ಟರು ಅಳೆಯಲಾರರೆಂಬುದಾಗಲಿ ಸಭೆಯಲ್ಲಿ ಪ್ರಸ್ತಾಪಕ್ಕೆ ಬರಲಿಲ್ಲ.

“ಇದಕ್ಕೆಲ್ಲ ಶಾಸ್ತ್ರಾಧಾರ ಉಂಟೇ ರಾಯರೇ?” ಎಂದು ಅತ್ತೆ ಭಕ್ತಿಯಿಂದ ಕೇಳಿದರು.

“ಸುಶ್ರುತನೇ ಹೇಳಿದ್ದಾನಮ್ಮಾ!”

ಸುಶ್ರುತನು ಹೇಳಿರುವುದು ದಿಟ. ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯದಲ್ಲಿ ಆತ ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಬಣ್ಣಗೆಡುವಷ್ಟೇ ಸುಟ್ಟ ಪ್ಲುಷ್ಟಕ್ಕೆ ಮತ್ತಷ್ಟು ಶಾಖವನ್ನೇ ಕೊಡಬೇಕೆಂದು ವಿಧಿಸಿದ್ದಾನೆ. ಇಂದಿನ ವೈದ್ಯರು ಇದನ್ನೊಪ್ಪುವುದಿಲ್ಲ. ಮುಂದಿನ ಬಗೆಗಳಿಗೆ ತುಪ್ಪವನ್ನೂ, ಚಂದನ ಗೈರಿಕಾದಿಗಳ ಲೇಪವನ್ನೂ ಹೇಳಿದ್ದಾನೆ. ಒಂದೇ ವಿಧಿ ಎಲ್ಲಕ್ಕೂ ಸಲ್ಲದೆಂದು ಭೇದಗಳನ್ನು ಎಣಿಸಿದ ಆ ಆಚಾರ್ಯನ ಹೆಸರಿನಲ್ಲಿ ನಮ್ಮ ರಾಯರು ಎಲ್ಲ ಗಾಯಕ್ಕೂ ಒಂದೇ ಸೀಸೆಯನ್ನು ಎತ್ತುತ್ತಾರೆಂಬುದೇ ಸ್ವಾರಸ್ಯ. ಅಂಗೈಯಗಲ ಮೀರಿದ್ದೋ, ಮುಖಕ್ಕೋ ಕೀಲಿಗೋ ತಾಗಿದ್ದೋ, ಹಸುಳೆಗೆ ಆದದ್ದೋ ಆದರೆ ಆಸ್ಪತ್ರೆಗೆ ಓಡಬೇಕೆಂಬ ವಿವೇಚನೆ ಅವರ ಸಂಪ್ರದಾಯದಲ್ಲಿ ಇಲ್ಲ.

ಮರುದಿನ ಬೊಬ್ಬೆ ಎದ್ದಿತು. ರಾಯರಿಗೆ ಅದು ಆಶ್ಚರ್ಯವನ್ನುಂಟುಮಾಡಲಿಲ್ಲ. ತಾವು ಬರುವ ಮೊದಲೇ ನೀರು ತಾಗಿತ್ತಲ್ಲವೆ? ಸೂಜಿಯಿಂದ ಅದನ್ನು ಚುಚ್ಚಲು ಅವರು ಉದ್ಯುಕ್ತರಾದಾಗ ಹುಡುಗಿ ಮೊದಲ ಬಾರಿಗೆ ಹಿರಿಯರ ಮಾತನ್ನು ಮೀರಿ, ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಬೊಬ್ಬೆಯ ಸಿಪ್ಪೆ ಒಳಗಿನ ಹಸಿಚರ್ಮಕ್ಕೆ ಪ್ರಕೃತಿಯೇ ಹೊದಿಸಿದ ಕವಚವಾದುದರಿಂದ ಈ ಅವಿಧೇಯತೆಯೇ ಅಂದಿನ ಉತ್ತಮವಾದ ಔಷಧವಾಯಿತು. ದಿನಗಳು ಕಳೆದಂತೆ ಗಾಯ ತಾನಾಗಿಯೇ ಮಾಯಿತು. ಮೇಲ್ಪದರದ ಸಣ್ಣ ಸುಟ್ಟಗಾಯಗಳು ಹಚ್ಚಿದರೂ ಹಚ್ಚದಿದ್ದರೂ ಹೀಗೆ ವಾಸಿಯಾಗುವಂಥವೇ. ರಾಯರ ಕೀರ್ತಿಯ ಅಸ್ತಿಭಾರವೇ ಇದು. ವಾಸಿಯಾದರೆ ಶಾಯಿಯ ಮಹಿಮೆ. ಕೀವಾದರೆ ರೋಗಿಯು ಬದನೆಕಾಯಿ ತಿಂದು ಪಥ್ಯ ಕೆಡಿಸಿದ್ದರ ಫಲ.

ಇಷ್ಟಾಗಿ, ಬೀದಿಯಲ್ಲೆಲ್ಲ ದಿನಕ್ಕೆ ಮೂರು ಹೊತ್ತೂ ಒಲೆಯ ಮುಂದೆ ನಿಲ್ಲುವವರು ರಾಯರ ಮಡದಿಯೇ. ಆಕೆಯ ಕೈಗೆ ಬಾಣಲೆಯ ಅಂಚು ತಾಗದೆ, ಕುಕ್ಕರಿನ ಹಬೆ ಸೋಂಕದೆ ಇರುತ್ತದೆಯೆ? ಆದರೆ ಆ ಸಾಧ್ವಿ ಕೂಗುವುದಿಲ್ಲ. ಬಚ್ಚಲಿಗೆ ಹೋಗಿ, ಒಳಗಿನಿಂದ ಅಗಳಿ ಹಾಕಿ, ಬಟ್ಟೆ ಒಗೆಯುತ್ತಿರುವಂತೆ ಆಗಾಗ್ಗೆ ಬಕೀಟನ್ನು ಸದ್ದುಮಾಡುತ್ತ, ಬಹಳ ಹೊತ್ತು ನಲ್ಲಿಯನ್ನು ಬಿಟ್ಟುಕೊಂಡಿರುತ್ತಾರೆ. ಜಗಲಿಯ ಮೇಲೆ ಕುಳಿತ ರಾಯರು ನೀರಿನ ದುಂದನ್ನು ಕುರಿತು ಗೊಣಗಿಕೊಂಡು, ಬಂದವರ ಕಡೆಗೆ ತಿರುಗಿ, “ನೋಡಿ, ಮದುವೆಯಾದಾಗಿನಿಂದ ನಮ್ಮ ಮನೇಲಿ ಒಬ್ಬರೂ ಕೈ ಸುಟ್ಟುಕೊಂಡದ್ದಿಲ್ಲ,” ಎಂದು ಹೇಳುತ್ತಾರೆ.