ದೂರಪ್ರಮೇಯ: ಕೊಡಿಗೇಹಳ್ಳಿಯಲ್ಲಿ ಜರ್ಮನ್ ಸಾಹಿತ್ಯ ವ್ಯಾಸಂಗ ಕುರಿತು ಒಂದು ಮಹಾಪ್ರಬಂಧದ ಸಾರ

ಪೀಠಿಕೆ

ಜರ್ಮನ್ ಭಾಷೆಯ ಒಂದಕ್ಷರವೂ ಬಾರದೆ ಜರ್ಮನ್ ಸಾಹಿತ್ಯದ ಹುಚ್ಚು ಹತ್ತಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಲೊಟ್ಟೆಗೊಲ್ಲಹಳ್ಳಿಗೂ ಯಲಹಂಕಕ್ಕೂ ನಡುವೆ ಬರುವ ಕೊಡಿಗೇಹಳ್ಳಿ ರೈಲು ನಿಲ್ದಾಣದಲ್ಲಿ ಕೂತು ಥಾಮಸ್ ಮಾನ್ ಓದುವವನು ಈ ಪ್ರಬಂಧಕಾರನೊಬ್ಬನೇ. ಎರಡನೆಯವನು ಈವರೆಗೆ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಈ ಕ್ಷೇತ್ರದ ಏಕೈಕ ವಿದ್ವಾಂಸನೆಂಬ ಪದವಿ ಅವನಿಗೆ ಅವಿರೋಧವಾಗಿ ಸಂದಿದೆ. ‘ಮೂಲ ಓದದವನಿಗೆ ಮಾತಾಡುವ ಹಕ್ಕೇನು?’ ಎಂದು ಮೂಗು ಮುರಿಯುವವರಿಗಾಗಿ ಈ ಕೆಳಗಿನ ಪ್ರಮೇಯ.

ಪ್ರಮೇಯ

ಯಾವ ವಸ್ತುವಿನಿಂದ ಎಷ್ಟು ದೂರವೋ, ಆ ವಸ್ತುವಿನ ಮೇಲೆ ಅಷ್ಟು ಅಧಿಕಾರ.

ಪ್ರಮಾಣ ಒಂದು: ಮ್ಯಾಕ್ಸ್ ಮುಲ್ಲರ್. ಆಕ್ಸ್‌ಫರ್ಡ್‌ನಲ್ಲಿ ಕೂತು ಋಗ್ವೇದವನ್ನು ಸಂಪಾದಿಸಿದ ಈ ಮಹಾನುಭಾವ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಅದಕ್ಕೇ ಇರಬೇಕು, ಬೆಂಗಳೂರಿನ ಗಯಟೆ ಸಂಸ್ಥೆಗೆ ಅವನ ಹೆಸರಿನ ಭವನವೆಂದೇ ಖ್ಯಾತಿ.

ಪ್ರಮಾಣ ಎರಡು: ಹರ್ಮನ್ ಹೆಸ್. ತಾಯಿ ಹುಟ್ಟಿದ್ದು ಮಲಬಾರಿನಲ್ಲಿ. ಅಜ್ಜ ಗುಂಡರ್ಟ್ ಮಲಯಾಳಂ ನಿಘಂಟು ಬರೆದವನು. ಮೊಮ್ಮಗ 1911ರಲ್ಲಿ ಹಡಗು ಹತ್ತಿ ಸಿಂಹಳ, ಸುಮಾತ್ರಗಳನ್ನು ಸುತ್ತಿ, ನಮ್ಮ ನೆಲಕ್ಕೆ ಕಾಲಿಡದೆ ವಾಪಸಾದ. ಆ ಪ್ರವಾಸದ ಪುಸ್ತಕಕ್ಕೆ 1913ರಲ್ಲಿ ‘ಭಾರತದಿಂದ’ ಎಂದೇ ಹೆಸರಿಟ್ಟ. 1922ರಲ್ಲಿ ‘ಸಿದ್ಧಾರ್ಥ’ವನ್ನೂ ಬರೆದ.

ಪ್ರಮಾಣ ಮೂರು: ಕಾಫ್ಕಾ. ಅಮೆರಿಕ ನೋಡದೆ ಅಮೆರಿಕದ ಕಾದಂಬರಿ ಬರೆದ. ಅದರ ಮೊದಲ ಪುಟದಲ್ಲೇ ಸ್ವಾತಂತ್ರ್ಯದೇವತೆಯ ಕೈಗೆ ಪಂಜಿನ ಬದಲು ಕತ್ತಿ ಕೊಟ್ಟ. ಹತ್ತಿರ ಹೋಗಿ ನೋಡಿದವರಿಗೆ ಈ ಕತ್ತಿ ಎಲ್ಲಿ ಕಂಡೀತು?

ಉಪಪ್ರಮೇಯ: ಅನುವಾದದ ಅನುವಾದ ಇನ್ನೂ ಶ್ರೇಷ್ಠ. ವಿಲಿಯಂ ಜೋನ್ಸ್ 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ. ಅದನ್ನು ಫೋರ್‌ಸ್ಟರ್ 1791ರಲ್ಲಿ ಜರ್ಮನ್‌ಗೆ ತಿರುಗಿಸಿದ. ಗಯಟೆ ಮಾರುಹೋದದ್ದು ಈ ಮೂರನೇ ಕೈ ಮಾಲಿಗೆ. ಗಯಟೆಗೆ ಸಲ್ಲುವುದು ಕೊಡಿಗೇಹಳ್ಳಿಗೆ ಸಲ್ಲದೆ? ನಮ್ಮ ಬೇತಾಳ ಕತೆಯ ಅದಲುಬದಲಾದ ತಲೆಗಳೂ ಹೀಗೆಯೇ 1940ರಲ್ಲಿ ಥಾಮಸ್ ಮಾನ್ ಕೈಗೆ ಸಿಕ್ಕಿ, ಇಂಗ್ಲಿಷಿಗೆ ಹೋಗಿ, 1971ರಲ್ಲಿ ಗಿರೀಶ ಕಾರ್ನಾಡರ ‘ಹಯವದನ’ವಾಗಿ ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಮೈಕೈ ತುಂಬಿಕೊಂಡು ಕನ್ನಡಕ್ಕೆ ಬಂದವು.

ಪೂರ್ವಪಕ್ಷ

‘ಹಾಗಾದರೆ ಕಿಟೆಲ್?’ ಎಂದು ಕೇಳಬಹುದು. 1853ರಲ್ಲಿ ಬಂದ, ಕನ್ನಡ ಕಲಿತ, ದಶಕಗಟ್ಟಲೆ ಊರೂರಲ್ಲಿ ಪದ ಹೆಕ್ಕಿ 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದ. ದೂರ ನಿಂತು ಮಾಡುವ ಕೆಲಸವೇ ಅದು? ಇದಕ್ಕೆ ಪ್ರಬಂಧಕಾರನ ಬಳಿ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಪಂಡಿತರು ಮಾಡುವಂತೆ, ಕಿಟೆಲನನ್ನು ‘ಆರ್ಷಪ್ರಯೋಗ’ವೆಂದು ಕೈಮುಗಿದು ಬಿಡಲಾಗಿದೆ.

ಕ್ಷೇತ್ರಕಾರ್ಯ

ಕಾಫ್ಕಾನ ‘ದುರ್ಗ’ ಕಾದಂಬರಿಯ ನಾಯಕ ಒಬ್ಬ ಸರ್ವೇಯರ್. ಕೆಲಸಕ್ಕೆ ಕರೆ ಬಂದಿದೆ ಎಂದು ಊರಿಗೆ ಬರುತ್ತಾನೆ, ಕೆಲಸ ಸಿಗುವುದಿಲ್ಲ. ಆದೇಶ ಹುಡುಕಲು ಊರ ಮುಖಂಡನ ಹೆಂಡತಿ ಬೀರು ತೆಗೆದರೆ ಕಡತಗಳ ಕಟ್ಟುಗಳು ನೆಲಕ್ಕುರುಳುತ್ತವೆ. ಬೇಕಾದ ಕಾಗದ ಸಿಗದು. ಕೊನೆಗೆ ಬೀರುವನ್ನೇ ನೆಲಕ್ಕೆ ಮಲಗಿಸಿ, ಎಲ್ಲವನ್ನೂ ತುರುಕಿ, ಬಾಗಿಲ ಮೇಲೆ ಕೂತು ಮುಚ್ಚುತ್ತಾರೆ. ಕಾಫ್ಕಾನ ಗೆಳೆಯ ಮ್ಯಾಕ್ಸ್ ಬ್ರಾಡ್ ಈ ಕತೆಯಲ್ಲಿ ದೈವಕೃಪೆಯ ತತ್ತ್ವ ಕಂಡ.

ಇದೇ ಕತೆಯನ್ನು ಕೊಡಿಗೇಹಳ್ಳಿಯ ಟೀ ಅಂಗಡಿಯಲ್ಲಿ, ಹಿಂದೆ ಜಮೀನಿದ್ದು ಈಗ ಸೈಟುಗಳಷ್ಟೇ ಉಳಿದಿರುವ ಹಿರಿಯರೊಬ್ಬರಿಗೆ ಹೇಳಲಾಯಿತು. ಅವರಿಗೆ ತತ್ತ್ವವೇನೂ ಕಾಣಲಿಲ್ಲ. ಬನ್ನು ಅದ್ದಿಕೊಂಡು ಕೇಳಿದರು: “ಅಲ್ಲ ಸಾ, ಆವಯ್ಯ ಅಳೆಯೋಕ್ ಬಂದಿದ್ದು ಯಾವ ಸರ್ವೇ ನಂಬರು? ಪೋಡಿ ಆಗಿತ್ತಾ?” ಆಮೇಲೆ ಬೀರುವಿನ ಪ್ರಸಂಗ ಹೇಳಿದಾಗ, “ಅಲ್ಲೂ ಹಂಗೇನಾ?” ಎಂದು ತುಂಬ ಸಮಾಧಾನಪಟ್ಟರು.

ಕಂದಾಯ ಸೈಟು, ಹದ್ದುಬಸ್ತು, ಆಕಾರಬಂದ್, ಖಾತೆ ಬದಲಾವಣೆಗಳ ನಡುವೆ ಬದುಕು ಸವೆಸಿದವರಿಗೆ ‘ದುರ್ಗ’ ವಾಸ್ತವವಾದಿ ಕಾದಂಬರಿ. ಪ್ರಾಗ್‌ನ ಕಾರ್ಮಿಕ ವಿಮಾ ಕಚೇರಿಯಲ್ಲಿ ಕಡತಗಳ ನಡುವೆ ದುಡಿದ ಕಾಫ್ಕಾನಿಗೆ ಇದು ಗೊತ್ತಿತ್ತು. ಅಡಿಟಿಪ್ಪಣಿ ಬರೆದ ಪಂಡಿತರಿಗೆ ಖಾತೆ ಮಾಡಿಸುವ ಪ್ರಸಂಗ ಬಂದಿರಲಿಲ್ಲ. ಪುಸ್ತಕ ಎಷ್ಟು ಕೈ ದಾಟಿ ಬಂದರೂ ಅದು ತನ್ನ ಓದುಗನನ್ನು ಗುರುತು ಹಿಡಿಯುತ್ತದೆ ಎಂಬುದೇ ಈ ಮಹಾಪ್ರಬಂಧದ ನಿರ್ಣಯ. ದೂರಪ್ರಮೇಯ ಬಿದ್ದುಹೋದರೂ ಚಿಂತೆಯಿಲ್ಲ, ಇದು ನಿಲ್ಲುತ್ತದೆ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಖಾತೆಯಾಗುತ್ತದೆಂಬ ಭರವಸೆ ಕೊಡಲಾಗದು. ಅರ್ಜಿ ಹಾಕಿ ಕಾಯುತ್ತಿರುವವರು ಮಾತ್ರ ಚೀಲದಲ್ಲಿ ಒಂದು ‘ದುರ್ಗ’ ಇಟ್ಟುಕೊಳ್ಳಿ, ಯಾವ ಅನುವಾದವಾದರೂ ಸರಿ. ಒಂದು ಎಚ್ಚರಿಕೆ: ಕಾದಂಬರಿ ಅರ್ಧ ವಾಕ್ಯದಲ್ಲೇ ನಿಂತುಹೋಗುತ್ತದೆ. ಕೊನೆಯ ಪುಟ ಹರಿದಿದೆಯೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿ. ಕಾಫ್ಕಾ ಅದನ್ನು ಮುಗಿಸಲಿಲ್ಲ.