ನಲವತ್ತರ ನಂತರ ಪಿಟೀಲು

ವೀಣೆಗೆ ಮೆಟ್ಟಿಲಿದೆ, ಗಿಟಾರಿಗೂ ಇದೆ. ಪಿಟೀಲಿಗೆ ಮಾತ್ರ ಬೋಳು ಹಲಗೆ. ಬೆರಳು ಕೂದಲೆಳೆಯಷ್ಟು ಸರಿದರೂ ಸಾಕು, ಮಾಯಾಮಾಳವಗೌಳದ ರಿಷಭ ಹೇಳದೆ ಕೇಳದೆ ಷಡ್ಜದ ಮನೆಗೆ ನೆಂಟನಾಗಿ ಹೋಗಿಬಿಡುತ್ತದೆ.

ನಲವತ್ತು ದಾಟಿ ಕಲಿಯಲು ಕೂತವರಿಗೆ ಮೊದಲ ತಕರಾರು ಮಂಡಿಯದು. ಚಕ್ಕಂಬಕ್ಕಲ ಹಾಕಿ ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರುವಷ್ಟರಲ್ಲಿ ಕಾಲು ಜೋಮು. ಎರಡನೆಯದು ಅಡುಗೆಮನೆಯಿಂದ: "ರೀ, ಈಗ ಕೂಗಿದ್ದು ಕುಕ್ಕರ್ರಾ, ನೀವಾ?"

ಮದ್ದಿದೆ. ತಂಬೂರಿ ಆ್ಯಪ್ ಹಾಕಿಕೊಂಡು, ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಉದ್ದ ಕಮಾನಿನಲ್ಲಿ ನಿಧಾನವಾಗಿ ನುಡಿಸಬೇಕು. ಮಧ್ಯ ಷಡ್ಜದ ತಂತಿಯಲ್ಲಿ ಕಿರುಬೆರಳಿನ ಪಂಚಮ ಸರಿಯಾಗಿ ಬಿತ್ತೆನ್ನಿ, ಪಕ್ಕದ ಪಂಚಮದ ತಂತಿ ಮುಟ್ಟದೆಯೇ ಮಿಡಿಯುತ್ತದೆ. ಮನೆಯಲ್ಲಿ ಸಿಗುವ ಏಕೈಕ ಚಪ್ಪಾಳೆ ಅದು! ಹುರುಪು ಕುಂದಿದಾಗ ಮೂರು ತಿಂಗಳ ಹಿಂದಿನ ರೆಕಾರ್ಡಿಂಗ್ ಕೇಳಿ. ಇವತ್ತಿನ ಅಪಸ್ವರ ಎಷ್ಟೋ ವಾಸಿ ಅನ್ನಿಸುತ್ತದೆ.

ಮೈಕಿಲ್ಲದ ಸಭೆಗಳಿಗೆ ನಾದ ಸಾಲದೆಂದು ಮೈಸೂರು ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ನಮ್ಮಂಥವರಿಗೆ ನಾಲ್ಕೇ ಹೆಚ್ಚು.

ನೆರೆಹೊರೆಯವರಲ್ಲಿ ಒಂದೇ ವಿನಂತಿ: ಸರಳೆ ವರಸೆ ಮುಗಿಯಿತೆಂದು ನಿಟ್ಟುಸಿರು ಬಿಡಬೇಡಿ, ಜಂಟಿ ವರಸೆ ಸೋಮವಾರದಿಂದ.